ಹಾಡಿನ ಅಡಿಯಲ್ಲಿದ್ದ ಮದುವೆ

ನಮ್ಮ ಮನೆಯಲ್ಲಿ ನನ್ನನ್ನು ಕೇಳದೆ ಯಾವ ತೀರ್ಮಾನವೂ ಆಗುವುದಿಲ್ಲ. ಗೋಡೆಗೆ ಯಾವ ಬಣ್ಣ, ಮೇಲಿನ ಮನೆ ಯಾರಿಗೆ ಬಾಡಿಗೆಗೆ, ಹಬ್ಬಕ್ಕೆ ಒಬ್ಬಟ್ಟೋ ಕಜ್ಜಾಯವೋ, ಎಲ್ಲಕ್ಕೂ ನನ್ನದೊಂದು ಮಾತು ಇದ್ದೇ ಇರುತ್ತದೆ. ಕೇಳದಿದ್ದರೂ ಹೇಳುತ್ತೇನೆ. ನನ್ನನ್ನು ಕೇಳದೆ ಆದ ದೊಡ್ಡ ಕೆಲಸ ಒಂದೇ ಒಂದು, ನನ್ನ ಮದುವೆಯ ವಿಡಿಯೊಗೆ ಸಿನಿಮಾ ಹಾಡು ಹಾಕಿಸಿದ್ದು. ಹಾಕಿಸಿದವರು ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆ ಕಾಲದಲ್ಲಿ ನಮ್ಮ ಕಡೆ ಅದೇ ರೂಢಿಯಾಗಿತ್ತು, ನಿಜ. ಮದುವೆ ಮುಗಿದ ಮೇಲೆ ಸ್ಟುಡಿಯೊದವರು ಕ್ಯಾಸೆಟ್ಟಿಗೆ ಹಾಡು ತುಂಬಿಸಿ ಕೊಡುತ್ತಿದ್ದರು. ಅದಕ್ಕೆ ಮಿಕ್ಸಿಂಗ್ ಎಂಬ ದೊಡ್ಡ ಹೆಸರು ಬೇರೆ. ಧಾರೆ ಎರೆಯುವಾಗ ಒಂದು ಹಾಡು, ಊಟದ ಪಂಕ್ತಿಗೆ ಒಂದು ಕುಣಿಯುವ ಹಾಡು, ಹೆಣ್ಣು ಒಪ್ಪಿಸುವಾಗ ಕರುಳು ಕಿವುಚುವ ಇನ್ನೊಂದು. ಜನ ನಿಜವಾಗಿ ಆಡಿದ ಮಾತು, ಹೆಂಗಸರ ಸೋಬಾನೆ, ಮಕ್ಕಳ ಅಳು ಎಲ್ಲವೂ ಬರೀ ಗಲಾಟೆ, ಅದನ್ನು ಅಳಿಸಿದರೇ ವಿಡಿಯೊಗೆ ಕಳೆ ಎಂದು ಎಲ್ಲರೂ ನಂಬಿದ್ದರು. ಹಾಡು ಹಾಕಿಸದ ಮನೆಯವರನ್ನು ಜಿಪುಣರು ಅನ್ನುತ್ತಿದ್ದರು.

ಭಾವ ಅದರಲ್ಲೂ ಒಂದು ಕೈ ಮೇಲೆ. ಬರುವ ಭಾನುವಾರವೇ ನೆಂಟರಿಗೆಲ್ಲ ವಿಡಿಯೊ ತೋರಿಸುತ್ತೇನೆ ಎಂದು ಊರು ತುಂಬ ಹೇಳಿಕೊಂಡು ಬಂದಿದ್ದರು. ಸ್ಟುಡಿಯೊದವನು, ಇನ್ನೊಂದು ಕ್ಯಾಸೆಟ್ಟಿಗೆ ಕಾಪಿ ಮಾಡಿ ಅದರ ಮೇಲೆ ಹಾಡು ಹಾಕುತ್ತೇನೆ, ಸ್ವಲ್ಪ ದಿನ ಹಿಡಿಯುತ್ತದೆ ಎಂದನಂತೆ. "ಕಾಪಿಗೀಪಿ ಎಲ್ಲಾ ಬೇಡ ಗುರು, ಒರಿಜಿನಲ್ ಮೇಲೇ ಹೊಡ್ದು ಕೊಡು" ಎಂದು ಇವರು ಹೊಡೆಸಿಕೊಂಡು ಬಂದರು. ಭಾನುವಾರ ನಡುಮನೆಯಲ್ಲಿ ಜನ ತುಂಬಿದರು. ಟಿವಿಯಲ್ಲಿ ನಾವೆಲ್ಲ ಬಾಯಿ ತೆರೆಯುತ್ತಿದ್ದೆವು, ಮುಚ್ಚುತ್ತಿದ್ದೆವು, ಒಂದು ಮಾತೂ ಕೇಳುತ್ತಿರಲಿಲ್ಲ. ಆಗ ನಾನೂ ನಕ್ಕೆ. ಹೊಸ ಮದುವಣಗಿತ್ತಿ, ನಗದೆ ಏನು ಮಾಡಲಿ?

ಮರುವರ್ಷ ನಮ್ಮಮ್ಮ ಹೋಗಿಬಿಟ್ಟಳು. ಒಂದು ಜ್ವರ ಬಂತು, ಬಿಡಲೇ ಇಲ್ಲ. ನಡುಮನೆಯಲ್ಲಿ ಹಾಕಿಕೊಂಡು ನೋಡಿದ ಆ ಕ್ಯಾಸೆಟ್ಟಿನಿಂದ ಏನು ಕಳೆದುಹೋಗಿದೆ ಎಂಬುದು ನನಗೆ ಆಗ ಅರ್ಥವಾಯಿತು. ಅಮ್ಮನ ಚಿತ್ರ ಎಷ್ಟು ಬೇಕಾದರೂ ಇತ್ತು, ದನಿ ಮಾತ್ರ ಎಲ್ಲೂ ಇರಲಿಲ್ಲ.

ನನಗೇನೋ ಅಮ್ಮನ ದನಿ ಕಿವಿಯಲ್ಲೇ ಇದೆ. ಬಿಳೇಕಹಳ್ಳಿಯ ನಮ್ಮ ಮನೆ ಬಾಗಿಲಲ್ಲಿ ನಿಂತು ಕೂಗಿದರೆ ಹೊಲದ ಆ ತುದಿಯಲ್ಲಿದ್ದ ಅಪ್ಪ ತಿರುಗಿ ನೋಡುತ್ತಿದ್ದ. ಅಮ್ಮ ಹಾಡುವವಳಲ್ಲ, ಬೈಯುವವಳು. ಕೂಡಿಸಿಕೊಂಡು ಬೈಯುತ್ತಾ ತಲೆ ಬಾಚುವಳು, ಬೈಯುತ್ತಲೇ ತುತ್ತಿಡುವಳು. ಆದರೆ ನನ್ನ ತಂಗಿ ಆಗ ಇನ್ನೂ ಮೂರು ವರ್ಷದ ಕೂಸು. ನನ್ನ ಮದುವೆಯ ಹೊತ್ತಿಗೆ ಅಮ್ಮನ ಸೆರಗು ಬಿಡದೆ ಸುತ್ತುತ್ತಿದ್ದಳು. ಅಮ್ಮ ಹೋದ ಮೇಲೆ ಅವಳನ್ನು ನಾನು ನನ್ನ ಜೊತೆಗೇ ಕರೆದುಕೊಂಡು ಬಂದೆ. ಯಾರನ್ನೂ ಕೇಳಲಿಲ್ಲ. ಅಮ್ಮ ಅವಳನ್ನು ಮರಿ ಅನ್ನುತ್ತಿದ್ದಳು, ನಾನೂ ಮರಿ ಅಂದೇ ಬೆಳೆಸಿದೆ. ಈಗ ಆ ಮರಿಗೊಬ್ಬಳು ಹೈಸ್ಕೂಲಿಗೆ ಹೋಗುವ ಮಗಳಿದ್ದಾಳೆ, ಅವಳನ್ನು ಇವಳು ಮರಿ ಅನ್ನುತ್ತಾಳೆ. ನಾನು ಇರುವುದು ಜೆ.ಪಿ. ನಗರದಲ್ಲಿ, ಅವರು ಇರುವುದು ಬಿಟಿಎಂನಲ್ಲಿ. ವಾರಕ್ಕೊಮ್ಮೆಯಾದರೂ ಹೋಗಿ ಅವರ ಮನೆಯ ಅಡುಗೆಗೆ ಒಂದು ಹೆಸರಿಟ್ಟು ಬರುತ್ತೇನೆ.

ತಂಗಿ ಚಿಕ್ಕವಳಿದ್ದಾಗಿನಿಂದ ಒಂದೇ ಪ್ರಶ್ನೆ ಕೇಳುತ್ತಾ ಬಂದಿದ್ದಾಳೆ.

"ಅಮ್ಮನ ದನಿ ಹೆಂಗಿತ್ತಕ್ಕ?"

"ನಿಂದೇ ಥರ ಇತ್ತು ಕಣೆ."

"ಸಮಾಧಾನಕ್ಕೆ ಹೇಳ್ತೀಯ ನೀನು."

ಸಮಾಧಾನ ಹೇಳುವ ಜಾಯಮಾನವೇ ನನ್ನದಲ್ಲ. ಇಷ್ಟು ವರ್ಷ ಸಾಕಿದ್ದಕ್ಕೆ ಅವಳಿಗೆ ಅಷ್ಟಾದರೂ ಗೊತ್ತಿರಬೇಡವೇ? ಆದರೆ ನಂಬುತ್ತಿರಲಿಲ್ಲ. ಬಾಯಲ್ಲಿ ಹೇಳಿ ದನಿಯನ್ನು ನಂಬಿಸುವುದು ಹೇಗೆ? ಮದುವೆಯಾದಾಗ, ಮಗಳು ಹುಟ್ಟಿದಾಗ, ಸುಮ್ಮನೆ ಮಳೆಗೆ ಕರೆಂಟು ಹೋಗಿ ಕೂತಾಗಲೂ ಅದನ್ನೇ ಕೇಳಿದ್ದಾಳೆ. ಆಗೆಲ್ಲ ನನಗೆ ಭಾವನ ಮೇಲೆ ಇನ್ನೊಂದು ಸುತ್ತು ಸಿಟ್ಟು ಬರುತ್ತಿತ್ತು.

ಹೋದ ವರ್ಷ ಭಾವ ಮನೆಗೆ ಪೇಂಟ್ ಮಾಡಿಸಲು ಅಟ್ಟ ಖಾಲಿ ಮಾಡಿದಾಗ ಆ ಕ್ಯಾಸೆಟ್ ಸಿಕ್ಕಿತು. ಪ್ಲಾಸ್ಟಿಕ್ ಕವರಿನೊಳಗೇ ಬೂಷ್ಟು ಹಿಡಿದು, ಸುರುಳಿಯ ಮೇಲೆ ಬಿಳಿ ಹಿಟ್ಟು ಉದುರಿಸಿದ ಹಾಗಿತ್ತು. ಇದನ್ನು ಕಂಪ್ಯೂಟರಿಗೆ ಹಾಕಿಸೋಣ ಎಂದು ನಾನೇ ಹೊರಟೆ. ಅಷ್ಟರಲ್ಲಿ ಎಲ್ಲರದೂ ಒಂದೊಂದು ಬೇಡಿಕೆ. ಭಾವನಿಗೆ ಡಿವಿಡಿಯೇ ಆಗಬೇಕು, ಅವರ ಮನೆಯಲ್ಲಿ ಡಿವಿಡಿ ಪ್ಲೇಯರ್ ಇನ್ನೂ ಓಡುತ್ತದೆಯಂತೆ. ತಂಗಿಗೆ ಫೋನಿನಲ್ಲಿ ಕಳಿಸಲು ಆಗುವಂಥ ಚಿಕ್ಕ ಎಂಪಿ ಫೋರ್ ಸಾಕು. ಅವಳ ಮಗಳದು ಇನ್ನೊಂದು ರಾಗ.

"ಫೋರ್‌ಕೆ ಮಾಡ್ಸು ದೊಡ್ಡಮ್ಮ. ಈಗ ಎಐ ಎಲ್ಲಾ ಕ್ಲೀನ್ ಮಾಡುತ್ತೆ, ನೀನು ಸಖತ್ತಾಗ್ ಕಾಣ್ತೀಯ."

"ನಾನು ಆಗ್ಲೇ ಸಖತ್ತಾಗಿದ್ದೆ, ಸುಮ್ನಿರು" ಎಂದೆ.

ಜಯನಗರದಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಹಳೇ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿಕೊಡುವ ಒಬ್ಬರಿದ್ದಾರೆ. ನನ್ನದೇ ವಯಸ್ಸಿನವರು, ಕೋಣೆ ತುಂಬ ಹಳೇ ವಿಸಿಆರ್‌ಗಳನ್ನು ಜೋಡಿಸಿಟ್ಟುಕೊಂಡು ನಡುವೆ ಕೂತಿರುತ್ತಾರೆ. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ ಮುಖ ಸಣ್ಣ ಮಾಡಿದರು.

"ಮೇಡಂ, ಬಿಚ್ಚಿ ಒರೆಸ್ತೀನಿ. ಆದ್ರೆ ಟೇಪ್ ಮೇಲಿನ ಲೇಪ ಉದುರ್ತಾ ಇದೆ. ಸುಮ್ನೆ ಸುಮ್ನೆ ಓಡಿಸೋ ಹಾಗಿಲ್ಲ. ಮೊದ್ಲು ಒಂಚೂರು ಓಡ್ಸಿ ಸ್ಯಾಂಪಲ್ ಕೊಡ್ತೀನಿ. ಆಮೇಲೆ ಪೂರ್ತಿ ಒಂದೇ ಸಲ. ಯಾವ ಫಾರ್ಮ್ಯಾಟ್ ಬೇಕು ಅಂತ ಅಷ್ಟರಲ್ಲಿ ತೀರ್ಮಾನ ಮಾಡ್ಬಿಡಿ. ಎಲ್ರೂ ಎಂಪಿ ಫೋರೇ ತಗೋತಾರೆ. ಗರಗರ ಶಬ್ದ ಎಲ್ಲಾ ತೆಗೆದು ನೀಟಾಗಿ ಮಾಡ್ಕೊಡ್ತೀನಿ."

"ಏನೂ ತೆಗೀದೆ ಕೊಡೋಕ್ಕೆ ಆಗಲ್ವಾ?" ಎಂದು ಕೇಳಿದೆ.

"ಆಗುತ್ತೆ. ಒತ್ತಿ ಚಿಕ್ಕದು ಮಾಡ್ದೆ, ಟೇಪಲ್ಲಿ ಹೆಂಗಿದೆಯೋ ಹಂಗೇ. ಆದ್ರೆ ಫೈಲು ಭಾರೀ ದೊಡ್ಡದಾಗುತ್ತೆ, ಫೋನಲ್ಲಿ ನೋಡೋಕ್ಕಾಗಲ್ಲ. ಕೊಳೆ, ಗೆರೆ, ಗಲಾಟೆ ಎಲ್ಲಾ ಅದ್ರಲ್ಲೇ ಇರುತ್ತೆ. ಯಾರೂ ಕೇಳಲ್ಲ ಮೇಡಂ ಅದನ್ನ."

ಯಾರೂ ಕೇಳುವುದಿಲ್ಲ ಅಂದ ತಕ್ಷಣ ನನಗೆ ಅದೇ ಬೇಕು ಅನ್ನಿಸಿತು. ನನ್ನ ಬುದ್ಧಿಯೇ ಹಾಗೆ. ಆದರೆ ಬರೀ ಹಟವೂ ಅಲ್ಲ. ರಾಗಿ ಬೆಳೆದ ಮನೆಯಲ್ಲಿ ಹುಟ್ಟಿದವಳು ನಾನು. ಮನೆಯಲ್ಲಿ ರಾಗಿ ಇದ್ದರೆ ಹಿಟ್ಟನ್ನು ಯಾವತ್ತು ಬೇಕಾದರೂ ಬೀಸಿಸಿಕೊಳ್ಳಬಹುದು. ಎಲ್ಲವನ್ನೂ ಮೊದಲೇ ಹಿಟ್ಟು ಮಾಡಿಸಿಟ್ಟು ಕೂತರೆ ಬಿತ್ತನೆಗೆ ಏನು ಮಾಡುವುದು? ಒಂದು ಸಲ ಈ ಭಾವನಂಥವರು ಗಲಾಟೆ ಬೇಡ ಎಂದು ನೀಟು ಮಾಡಿಸಿದ್ದಕ್ಕೇ ನನ್ನ ತಂಗಿಗೆ ಅಮ್ಮನ ದನಿ ಇಲ್ಲದೆ ಹೋಗಿದ್ದು. ಇನ್ನೊಂದು ಸಲ ನೀಟು ಮಾಡಿಸಲು ನನಗೇನು ತಲೆ ಕೆಟ್ಟಿದೆಯೇ? ಎರಡೂ ಥರದ ಸ್ಯಾಂಪಲ್ ಕೊಡಿ, ನೋಡಿ ಹೇಳುತ್ತೇನೆ ಎಂದು ಬಂದೆ.

ಸ್ಯಾಂಪಲ್ ಬಂತು. ಕ್ಯಾಸೆಟ್ಟಿನ ನಡುವಿನ ಒಂದು ತುಂಡು, ಧಾರೆ ಮುಗಿದು ಊಟ ಶುರುವಾಗುವ ಜಾಗ. ಒಂದು ಪೆನ್‌ಡ್ರೈವಿನಲ್ಲಿ ಚಿಕ್ಕ ಫೈಲು, ದೊಡ್ಡ ಫೈಲು ಎರಡೂ ಇದ್ದವು. ಮಧ್ಯಾಹ್ನದ ಊಟ ಮುಗಿಸಿ, ಕನ್ನಡಕ ಹಾಕಿಕೊಂಡು, ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತೆ.

ಚಿಕ್ಕದನ್ನು ಮೊದಲು ನೋಡಿದೆ. ಚಿತ್ರ ಚೆನ್ನಾಗಿಯೇ ಇತ್ತು, ನಮ್ಮ ಮುಖಗಳು ಮಾತ್ರ ಬೊಂಬೆಯ ಹಾಗೆ ನುಣ್ಣಗಾಗಿದ್ದವು. ಅಮ್ಮನ ಹಣೆಯ ಮೇಲಿದ್ದ ಬೆವರು ಮಾಯ. ಧಾರೆಯ ಹಾಡು ಮುಗಿಯಿತು. ಒಂದು ಘಳಿಗೆ ಪೂರ್ತಿ ನಿಶ್ಶಬ್ದ. ಆಮೇಲೆ ಊಟದ ಹಾಡು ಶುರು.

ದೊಡ್ಡದನ್ನು ಹಾಕಿದೆ. ಬೆವರು ಇತ್ತು. ಗೆರೆಗಳೂ ಇದ್ದವು, ಸುಯ್ ಎಂಬ ಸದ್ದೂ ಇತ್ತು. ಧಾರೆಯ ಹಾಡು ಮುಗಿಯಿತು. ಆ ಒಂದು ಘಳಿಗೆಯ ಸಂದಿಯಲ್ಲಿ, ಸುಯ್ ಎಂಬುದರ ಅಡಿಯಿಂದ, ಬಕೆಟ್ಟಿಗೆ ಸೌಟು ತಾಗಿದ ಟಣ್ ಎಂಬ ಸದ್ದು. ಹಿಂದೆಯೇ ಯಾರೋ ಗಂಡಸು, "ಸಾರು, ಸಾರು" ಎಂದ. ಅಷ್ಟರಲ್ಲಿ ಊಟದ ಹಾಡು ಬಂದು ಎಲ್ಲವನ್ನೂ ನುಂಗಿತು.

ಅಯ್ಯೋ ದೇವರೇ! ಮತ್ತೆ ಹಿಂದಕ್ಕೆ ಎಳೆದು ಕೇಳಿದೆ. ಟಣ್. ಸಾರು, ಸಾರು. ಆ ಸಂದಿಯಲ್ಲಿ ಸಾರು ಬಡಿಸುವವನು ಎಲ್ಲಿಂದ ಬಂದ? ಹಾಡು ಹಾಕಿದಾಗ ಎಲ್ಲ ಅಳಿಸಿಹೋಗಿದ್ದರೆ ಅಲ್ಲಿ ಏನೂ ಇರಬಾರದು. ಚಿಕ್ಕ ಫೈಲಿನಲ್ಲಿ ಆ ಟಣ್ ಇಲ್ಲದ್ದಕ್ಕೆ ಕಾರಣ ನನಗೇ ಹೊಳೆಯಿತು. ಗಲಾಟೆ ತೆಗೆದು ನೀಟು ಮಾಡಿದಾಗ ಸಾರಿನವನೂ ಗಲಾಟೆಯ ಜೊತೆಗೇ ಹೋಗಿದ್ದ.

ತಂಗಿಗೆ ಫೋನ್ ಮಾಡಲಿಲ್ಲ. ಆಸೆ ಹುಟ್ಟಿಸಿ ಆಮೇಲೆ ಇಲ್ಲ ಎನ್ನುವುದು ನನ್ನಿಂದ ಆಗದ ಮಾತು. ಮರುದಿನ ಬೆಳಗ್ಗೆಯೇ ಆಟೊ ಹಿಡಿದು ಜಯನಗರಕ್ಕೆ ಹೋದೆ. ಆ ಕ್ಯಾಸೆಟ್ಟಿನವರು ಆಗಷ್ಟೇ ಅಂಗಡಿ ಬಾಗಿಲು ತೆಗೆದು ದೇವರ ಫೋಟೊಗೆ ಊದುಬತ್ತಿ ಹಚ್ಚುತ್ತಿದ್ದರು.

"ಸಾರ್, ಈ ಸಾರಿನವನು ಎಲ್ಲಿಂದ ಬಂದ ಅಂತ ಹೇಳಿ" ಎಂದು ಹೆಡ್‌ಫೋನನ್ನು ಅವರ ಕೈಗೇ ಕೊಟ್ಟೆ.

ಕೇಳಿದರು. ಮತ್ತೆ ಕೇಳಿದರು. ಕ್ಯಾಸೆಟ್ ಹಾಕಿದ್ದ ಯಂತ್ರದ ಕಡೆ ತಿರುಗಿ ಅದರ ಒಂದು ಸಣ್ಣ ಸ್ವಿಚ್ಚನ್ನು ನೋಡಿ, "ಓಹೋ" ಎಂದರು.

"ಮೇಡಂ, ಈ ಟೇಪಲ್ಲಿ ಶಬ್ದಕ್ಕೆ ಎರಡು ಜಾಗ ಇದೆ. ಒಂದು ಟೇಪಿನ ಅಂಚಲ್ಲಿ, ಗೆರೆ ಥರ. ಇನ್ನೊಂದು ಚಿತ್ರದ ಅಡೀಲಿ. ಒಳ್ಳೆ ಕ್ಯಾಮೆರಾ ಆದ್ರೆ ಎರಡ್ರಲ್ಲೂ ತುಂಬುತ್ತೆ. ಆಮೇಲೆ ಅದೇ ಟೇಪ್ ಮೇಲೆ ಹಾಡು ಹಾಕಿದ್ರೆ ಅಂಚಿಂದು ಮಾತ್ರ ಅಳಿಸುತ್ತೆ. ಅಡೀದು ಅಳಿಸ್ಬೇಕು ಅಂದ್ರೆ ಚಿತ್ರಾನೇ ಹೋಗ್ಬೇಕು."

"ಮತ್ತೆ ನಾವು ಇಷ್ಟು ವರ್ಷ ನೋಡಿದ್ವಲ್ಲ, ಯಾಕೆ ಕೇಳಿಸ್ಲಿಲ್ಲ?"

"ಮನೇಲಿದ್ದ ಸಾದಾ ವಿಸಿಆರ್ ಅಂಚಿಂದು ಮಾತ್ರ ಓದ್ತಿತ್ತು. ನಂದು ಎರಡೂ ಕೂಡ್ಸಿ ಓದ್ತಾ ಇದೆ. ಹಾಡು ಜೋರಾಗಿದ್ದಕ್ಕೆ ನನಗೂ ಗೊತ್ತಾಗ್ಲಿಲ್ಲ ನೋಡಿ."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಅಂದರೆ ಮದುವೆ ಪೂರ್ತಿ ಒಳಗೇ ಇತ್ತು. ಇಷ್ಟು ವರ್ಷ ಅಟ್ಟದ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ, ಸಿನಿಮಾ ಹಾಡುಗಳ ಅಡಿಯಲ್ಲಿ ನಮ್ಮವರೆಲ್ಲ ಮಾತಾಡಿಕೊಂಡೇ ಇದ್ದರು.

"ಪುಣ್ಯಕ್ಕೆ ಒರಿಜಿನಲ್ ಮೇಲೇ ಹಾಡು ಹಾಕ್ಸಿದ್ದಾರೆ ಮೇಡಂ" ಎಂದರು ಅವರು. "ಕಾಪಿ ಮಾಡ್ಸಿದ್ರೆ ಕಾಪಿ ನಿಮಗೆ ಕೊಟ್ಟು, ಒರಿಜಿನಲ್ ಮೇಲೆ ಇನ್ನೊಬ್ರ ಮದುವೆ ತೆಗೀತಿದ್ರು. ಆಗ ಎಲ್ರೂ ಹಂಗೇ ಮಾಡ್ತಿದ್ದಿದ್ದು."

ಈ ಮಾತನ್ನು ನಾನು ಭಾವನಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಹೇಳಿದರೆ ಅವರನ್ನು ಹಿಡಿಯುವವರು ಯಾರು?

"ಆದ್ರೆ ಇನ್ನೊಂದು ಮಾತು" ಎಂದು ಅಂಗಡಿಯವರು ಮುಂದುವರಿಸಿದರು. "ಈ ಅಡೀದು ಬಲು ನಾಜೂಕು. ಟೇಪ್ ಹಾಳಾಗಿರೋ ಕಡೆ ಬರೀ ಗರಗರ ಅನ್ನುತ್ತೆ, ಮಾತು ಬರಲ್ಲ. ಅಂಚಿನ ಹಾಡು ಗ್ಯಾರಂಟಿ ಬರುತ್ತೆ. ಕೂಡ್ಸಿ ತೆಗೆದ್ರೆ ಹಾಡು ಮಾತನ್ನ ನುಂಗ್ಬಿಡುತ್ತೆ. ಎರಡನ್ನೂ ಬೇರೆ ಬೇರೆ ತೆಗೀಬೇಕಂದ್ರೆ ನಾನು ಎರಡು ಸಲ ಓಡಿಸ್ಬೇಕು, ಅಷ್ಟು ಶಕ್ತಿ ಈ ಟೇಪಿಗಿಲ್ಲ. ಗ್ಯಾರಂಟಿ ಇರೋದ್ ತಗೋತೀರೋ, ಇದನ್ನ ತಗೋತೀರೋ, ನೀವೇ ಹೇಳ್ಬೇಕು. ಮನೇಲ್ ಕೇಳ್ಕೊಂಡ್ ಬನ್ನಿ ಬೇಕಾದ್ರೆ."

ಮನೆಯಲ್ಲಿ ಕೇಳುವುದೇನಿದೆ! ಕೇಳಿದ್ದರೆ ಭಾವ ಹಾಡು ಅನ್ನುತ್ತಿದ್ದರು. ಆ ಹಾಡುಗಳು ಇವತ್ತು ಯಾವ ಫೋನಿನಲ್ಲಾದರೂ ಸಿಗುತ್ತವೆ. ನಮ್ಮಮ್ಮ ಸಿಗುವುದಿಲ್ಲ.

"ಸ್ವಿಚ್ ತಿರುಗಿಸಿ ಸಾರ್" ಎಂದೆ. "ಗರಗರಾನೇ ಬಂದ್ರೂ ಚಿಂತೆ ಇಲ್ಲ. ಶಬ್ದ ಏನೂ ತೆಗೀಬೇಡಿ, ಏನೂ ಚಿಕ್ಕದು ಮಾಡ್ಬೇಡಿ, ಮುಖಕ್ಕೆ ಪೌಡರ್ ಹಚ್ಬೇಡಿ. ಟೇಪಲ್ಲಿ ಹೆಂಗಿದೆಯೋ ಹಂಗೇ ದೊಡ್ಡ ಫೈಲು. ಅದನ್ನ ಎರಡು ಹಾರ್ಡ್‌ಡಿಸ್ಕಿಗೆ ಹಾಕಿ. ಆಮೇಲೆ ಅದರಿಂದ ಬೇಕಾದ್ರೆ ನನ್ನ ತಂಗಿಗೊಂದು ಎಂಪಿ ಫೋರ್ ಮಾಡಿ, ಭಾವನಿಗೊಂದು ಡಿವಿಡಿ ಮಾಡಿ."

"ಪಕ್ಕಾನಾ ಮೇಡಂ?"

"ನಾನು ಒಂದು ಸಲ ಹೇಳಿದ್ ಮೇಲೆ ಪಕ್ಕಾನೇ."

ಹೊರಗೆ ಹಾಗೆ ಹೇಳಿದೆನಾದರೂ ಆ ವಾರ ಪೂರ್ತಿ ನನಗೆ ಊಟ ಸೇರಲಿಲ್ಲ. ಬರೀ ಗರಗರವೇ ಬಂದರೆ ಹಾಡೂ ಇಲ್ಲ, ಮಾತೂ ಇಲ್ಲ, ಮೂಕ ಮದುವೆ. ಅದನ್ನು ತಂಗಿಯ ಕೈಗೆ ಕೊಡುವುದು ಹೇಗೆ ಎಂದು ಯೋಚಿಸುತ್ತಿದ್ದೆ. ಆದರೆ ಒಂದು ಸಲವೂ, ಹಾಡನ್ನೇ ತೆಗೆಸಬೇಕಿತ್ತು ಅನ್ನಿಸಲಿಲ್ಲ. ಅದು ಖಂಡಿತ.

ಕೆಲಸ ಮುಗಿಯಿತು ಎಂದು ಫೋನ್ ಬಂದಾಗ ಹೋಗಿ ಹಾರ್ಡ್‌ಡಿಸ್ಕ್ ತಂದೆ. "ಕೆಲವು ಕಡೆ ಬರೀ ಗರಗರ, ಕೆಲವು ಕಡೆ ಚೆನ್ನಾಗ್ ಬಂದಿದೆ" ಎಂದರು. "ಅದ್ರಲ್ಲಿ ನಿಮ್ಮಮ್ಮ ಯಾರು ಅಂತ ನನಗೆ ಹೆಂಗ್ ಗೊತ್ತಾಗ್ಬೇಕು ಮೇಡಂ?" ನಾನು ಅಲ್ಲಿ ಹಾಕಿಸಿ ಕೇಳಲಿಲ್ಲ. ಕೇಳಿದರೆ ತಂಗಿಯ ಜೊತೆಗೇ ಕೇಳಬೇಕು. ಸೀದಾ ಬಿಟಿಎಂಗೆ ಹೋದೆ.

ಅವರೆಕಾಯಿ ಕಾಲ. ತಂಗಿ ನಡುಮನೆಯಲ್ಲಿ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಮಗಳು ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಓದುತ್ತಿದ್ದಳು, ಓದುತ್ತಿದ್ದಾಳೆ ಎಂದು ನಾವು ನಂಬಿದ್ದೆವು.

"ಮದುವೆ ವಿಡಿಯೊ ತಂದಿದೀನಿ, ನೋಡು" ಎಂದು ಟಿವಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿದೆ. ಆ ಟಿವಿ ದೊಡ್ಡ ಫೈಲನ್ನು ತೆಗೆದುಕೊಳ್ಳಲೇ ಇಲ್ಲ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ತಂಗಿಗೆಂದು ಅದರಿಂದಲೇ, ಶಬ್ದ ಏನೂ ತೆಗೆಸದೆ ಮಾಡಿಸಿದ್ದ ಎಂಪಿ ಫೋರನ್ನು ಹಾಕಿದೆ, ಅದು ಓಡಿತು. ರಿಮೋಟಿನಲ್ಲಿ ಸೌಂಡ್ ಪೂರ್ತಿ ಏರಿಸಿದೆ.

ಮೊದಲು ಗರಗರವೇ. ಧಾರೆ ಪೂರ್ತಿ ಗರಗರ.

"ಏನಕ್ಕ ಇದು, ಹಾಡೇ ಇಲ್ಲ?" ಎಂದಳು ತಂಗಿ, ಕಾಯಿ ಸುಲಿಯುವುದನ್ನು ಬಿಡದೆ. "ಕೆಟ್ಟೋಗಿದ್ಯಾ?"

"ಸುಮ್ನೆ ನೋಡೇ."

ಚಿತ್ರ ಒಮ್ಮೆ ಅಲುಗಾಡಿತು. ಊಟದ ಪಂಕ್ತಿ ಬಂತು. ಗರಗರ ನಿಂತಿತು, ಯಾರೋ ಕಿಟಕಿ ತೆರೆದ ಹಾಗೆ ಚಪ್ಪರದ ಗದ್ದಲವೆಲ್ಲ ಒಳಗೆ ನುಗ್ಗಿತು. ಎಲೆ ಹಾಸುವ ಸದ್ದು, ದೂರದಲ್ಲಿ ಓಲಗ, ಯಾವುದೋ ಮಗುವಿನ ಅಳು, ನಮ್ಮ ಸಾರಿನವನು. ತಂಗಿಯ ಕೈ ನಿಂತಿತು. ನನ್ನ ಮುಖ ನೋಡಿದಳು. ನಾನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಕ್ಯಾಮೆರಾ ಸಾಲಿನ ಉದ್ದಕ್ಕೂ ನಿಧಾನ ಬರುತ್ತಿತ್ತು, ಕೊನೆಯಲ್ಲಿ ಅಮ್ಮ ನಿಂತಿದ್ದಾಳೆಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ಆ ಜಾಗದಲ್ಲಿ ಅಮ್ಮ ಬಾಯಿ ತೆರೆದಾಗಲೆಲ್ಲ ಯಾರೋ ಗಂಡಸು ಹಾಡುತ್ತಿದ್ದ.

ಅಮ್ಮ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಣೆ ತುಂಬ ಬೆವರು. ಬಾಯಿ ತೆರೆದಳು.

"ಏಯ್, ಆ ಸಾಲಿಗೆ ಪಾಯ್ಸ ಹೋಗಿಲ್ಲ ಕಣ್ರೋ! ಕ್ಯಾಮೆರಾ ನೋಡ್ಕೊಂಡ್ ನಿಂತ್ಕೊಂಡ್ರೆ ಆಯ್ತದಾ?"

ಅದೇ ದನಿ. ಬೈಯುತ್ತಿದೆ. ಟಿವಿಯಲ್ಲಿ ಪುಟ್ಟದೊಂದು ಕೈ ಬಂದು ಅಮ್ಮನ ಸೀರೆ ಎಳೆಯಿತು. ಅಮ್ಮ ಕೆಳಗೆ ನೋಡಿದಳು. ಬೈಯುತ್ತಿದ್ದ ಮುಖ ಹಾಗೇ ಸಡಿಲವಾಯಿತು.

"ಏನೇ ಮರಿ? ಉಂಡ್ಯಾ? ಬಾ ಇಲ್ಲಿ. ಬಾರೇ ಮರಿ, ಬೇಗ ಬಾ."

"ಬಂದೇ ಇರಮ್ಮಾ!" ಎಂದು ಕೋಣೆಯೊಳಗಿನಿಂದ ತಂಗಿಯ ಮಗಳು ಕೂಗಿದಳು.

ತಂಗಿ ಅವರೆಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಬಾಗಿಲು ತೆರೆಯಿತು. ಹುಡುಗಿ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಗೆ ಬಂದು, "ಯಾಕಮ್ಮಾ ಕರ್ದೆ?" ಎಂದು ಕೇಳಿದಳು.

ತಂಗಿ ನನ್ನ ಕಡೆ ನೋಡಿದಳು, ಮಗಳ ಕಡೆ ನೋಡಿದಳು.

"ನಾನ್ ಕರೀಲಿಲ್ಲ ಕಣೆ" ಎಂದಳು. "ನಮ್ಮಮ್ಮ. ನನ್ನ ಕರ್ದಿದ್ದು."